ಒಂದು ಚಿಟಿಕೆ ಇಂಗಿನ ಎಂಟನೇ ಪಾಲು

ಒಲೆಗಳಿಗೆ ಮಾತು ಬರುತ್ತಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಒಂದು ಪೇಟೆ, ಪೇಟೆಯೊಳಗೊಂದು ಓಣಿ, ಓಣಿಯಲ್ಲಿ ಎದುರುಬದುರಾಗಿ ಎರಡು ಒಲೆ. ಒಂದು ದೊಡ್ಡದು, ಅದರ ಮೇಲೆ ದಿನಾ ಹದಿನಾಲ್ಕು ಮಂದಿಯ ಅನ್ನ ಬೇಯುತ್ತಿತ್ತು. ಇನ್ನೊಂದು ಅಂಗೈಯಗಲದ್ದು, ಅದರ ಮೇಲೆ ಒಬ್ಬಳ ಗಂಜಿ. ದೊಡ್ಡ ಒಲೆಗೆ ಸಣ್ಣ ಒಲೆಯನ್ನು ಕಂಡರೆ ತಡೆಯಲಾರದ ಹೊಟ್ಟೆಕಿಚ್ಚು. ಒಲೆ ಅಂದಮೇಲೆ ಅದರ ಹೊಟ್ಟೆಯಲ್ಲಿ ಕಿಚ್ಚು ಇರಲೇಬೇಕಲ್ಲ, ತಪ್ಪು ಅದರದ್ದೇನು ಎಂದು ಮಾಯಕೊಂಡದ ಅಜ್ಜಿಯೊಬ್ಬಳು ಈ ಕತೆ ಹೇಳುವಾಗಲೆಲ್ಲ ಮೊಮ್ಮಗಳನ್ನು ಕೇಳುತ್ತಿದ್ದಳು. ಏನೂ ಇಲ್ಲ ಎಂದು ಮೊಮ್ಮಗಳು ತಲೆಯಾಡಿಸುತ್ತಿದ್ದಳು.

ಆ ಮೊಮ್ಮಗಳೇ ಆಶಾರಾಣಿ. ಬೆಳೆದು, ಸೆಕೆಂಡ್ ಪಿಯುಸಿ ಪಾಸಾಗಿ, ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಪಂಚಾಕ್ಷರಪ್ಪನವರ ಮನೆಗೆ ಹಿರಿಸೊಸೆಯಾಗಿ ಬಂದಳು. ಬಂದ ಒಂಬತ್ತನೇ ವರ್ಷಕ್ಕೆ, ತೊಂಬತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ, ಕತೆಯ ದೊಡ್ಡ ಒಲೆ ತಾನೇ ಎಂಬುದು ಅವಳಿಗೆ ಗೊತ್ತಾಯಿತು.

ಮನೆಯಲ್ಲಿ ಹೊತ್ತಿಗೆ ಹದಿನಾಲ್ಕು ತಟ್ಟೆ. ಅತ್ತೆ, ಮಾವ, ಗಂಡ ರುದ್ರಮುನಿ, ಇಬ್ಬರು ಮೈದುನರು, ತನ್ನ ಇಬ್ಬರು ಮಕ್ಕಳು, ಅಂಗಡಿಯ ಗುಮಾಸ್ತರಿಬ್ಬರು, ಪಾಲಿಟೆಕ್ನಿಕ್ ಓದಲು ಬಂದು ಮಹಡಿಯಲ್ಲಿ ಬೀಡುಬಿಟ್ಟ ನೆಂಟರ ಹುಡುಗರು ಮೂವರು, ನಾದಿನಿ ನಯನಾ, ಕೊನೆಗೆ ಅವಳು. ಕೊನೆಗೆ ಅಂದರೆ ನಿಜವಾಗಿಯೂ ಕೊನೆಗೆ. ಎಲ್ಲರದ್ದೂ ಮುಗಿದು, ಸಾರಿನ ಪಾತ್ರೆಯ ತಳ ಕಂಡು, ರೊಟ್ಟಿ ಬಿಗಿದು ಚರ್ಮದಂತಾದ ಮೇಲೆ. ಬಿಸಿ ಸಾರು ಹೇಗಿರುತ್ತದೆ ಎಂಬುದನ್ನು ಅವಳು ಉಪ್ಪು ನೋಡುವಾಗ ಅಂಗೈಗೆ ಬಿಟ್ಟುಕೊಂಡ ಒಂದೇ ಹನಿಯಲ್ಲಿ ತಿಳಿಯಬೇಕಿತ್ತು.

ನಯನಾ ಇಪ್ಪತ್ತೆರಡರ ಹುಡುಗಿ. ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಆ ಜೂನಿನಲ್ಲಿ ಅವಳಿಗೆ ಹರಿಹರ ತಾಲ್ಲೂಕಿನ ಭಾನುವಳ್ಳಿ ಶಾಲೆಗೆ ಸರ್ಕಾರಿ ಆರ್ಡರ್ ಬಂತು. ದಾವಣಗೆರೆಯಿಂದ ಎಷ್ಟು ಬೇಗ ಹೊರಟರೂ ಹರಿಹರದಲ್ಲಿ ಭಾನುವಳ್ಳಿಯ ಬಸ್ಸು ತಪ್ಪುತ್ತಿತ್ತು. ಹಾಗಾಗಿ ಹರಿಹರದಲ್ಲೇ ರೂಮು ಮಾಡಬೇಕು ಎಂದಾಯಿತು. ಮದುವೆಯಾಗದ ಹುಡುಗಿ ಒಬ್ಬಳೇ ಇರುವುದೇ ಎಂದು ಮನೆಯಲ್ಲಿ ಮೂರು ದಿನ ಮಾತು ನಡೆಯಿತು. ಕೊನೆಗೆ ಅತ್ತೆ ಅನ್ನಪೂರ್ಣಮ್ಮ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ಹೋಟೆಲು ಕೂಡದು, ಮೆಸ್ಸು ಕೂಡದು, ಕೈಯಾರೆ ಬೇಯಿಸಿ ಉಣ್ಣಬೇಕು. ಎರಡು ತಿಂಗಳು ನೋಡುವುದು, ಅಷ್ಟರಲ್ಲಿ ಅಡುಗೆ ಕೈಗೆ ಹತ್ತದಿದ್ದರೆ ಕೆಲಸ ಬಿಟ್ಟು ಮನೆಗೆ ಬರುವುದು.

ನಯನಾಳಿಗೆ ಸ್ಟವ್ ಹಚ್ಚಲೂ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಆಶಾರಾಣಿಯೇ. ನೀ ಓದ್ಕೊ, ಒಳಗಿಂದು ನಾ ನೋಡ್ಕೊಂತೀನಿ ಎಂದು ಒಂಬತ್ತು ವರ್ಷ ಹುಡುಗಿಯನ್ನು ಅಡುಗೆಮನೆಯ ಹೊಸ್ತಿಲಾಚೆಗೇ ನಿಲ್ಲಿಸಿದ್ದಳು. ಹಾಗೆ ಹೇಳುವುದರಲ್ಲಿ ಅವಳಿಗೊಂದು ದೊಡ್ಡಸ್ತಿಕೆಯಿತ್ತು. ಈಗ ಕೂರಿಸಿಕೊಂಡು ಕಲಿಸೋಣವೆಂದರೆ ಏಳೇ ದಿನದಲ್ಲಿ ಡ್ಯೂಟಿಗೆ ಹಾಜರಾಗಬೇಕಿತ್ತು, ಆ ಏಳು ದಿನವೂ ನಯನಾ ಸರ್ಟಿಫಿಕೇಟುಗಳ ಫೈಲು ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದಳು. ಒಂದು ಸಂಜೆ ಬಂದು ಅತ್ತಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ನಿಮ್ಮಷ್ಟು ಬರೋದು ಬ್ಯಾಡ ಅತ್ತಿಗೆ. ಏನೂ ಬರ್ದೇ ಇರೋರಿಗೆ ಅಂತ ಪುಸ್ತಕ ಇರ್ತಾವಂತಲ್ಲ, ಒಂದು ಆರಿಸಿ ಕೊಡ್ರಿ. ನಂಗೆ ಹೆಂಗೆ ಗೊತ್ತಾಗಬೇಕು ಯಾವ್ದು ಚಲೋ ಅಂತ? ನೀವು ಕೊಟ್ಟಿದ್ದು ನೋಡ್ಕೊಂಡು ಮಾಡ್ತೀನಿ.”

ಆಶಾರಾಣಿ ಮಾತು ಕೊಟ್ಟಳು. ಕೊಡುವಾಗ ಮನಸ್ಸಿನಲ್ಲಿ ಯಾವ ಕೊಂಕೂ ಇರಲಿಲ್ಲ.

ಕೊಂಕು ಬಂದದ್ದು ಮರುದಿನ, ಅತ್ತೆ ಪಾತ್ರೆ ಅಂಗಡಿಯಿಂದ ಬಂದಾಗ. ಚೀಲದೊಳಗಿಂದ ಒಂದು ಪುಟ್ಟ ಕುಕ್ಕರ್ ಬಂತು, ಪುಟ್ಟ ಬಾಣಲೆ, ಒಂದು ಸೌಟು, ಒಂದು ತಟ್ಟೆ, ಒಂದು ಲೋಟ, ಒಂದು ಬತ್ತಿ ಸ್ಟವ್ವು. ಮಕ್ಕಳಾಟದ ಸಾಮಾನಿನಂಥವು. ಎಲ್ಲವನ್ನೂ ತೊಳೆದು ಒರೆಸಿಡುವ ಕೆಲಸ ಆಶಾರಾಣಿಗೇ ಬಂತು. ಕುಕ್ಕರಿನೊಳಗೆ ಕೈ ಹಾಕಿದರೆ ಮುಷ್ಟಿ ಬಿಚ್ಚಲು ಜಾಗವಿಲ್ಲ. ಅದನ್ನು ತೊಳೆಯುತ್ತ ತೊಳೆಯುತ್ತ ಅವಳಿಗೆ ಕಣ್ಣೆದುರೇ ಒಂದು ಕೋಣೆ ಕಾಣತೊಡಗಿತು. ಕಿಟಕಿ, ಕಿಟಕಿಯಾಚೆ ತುಂಗಭದ್ರೆ, ಹೊಳೆಯ ಗಾಳಿ. ಚಾಪೆಯ ಮೇಲೆ ಒಬ್ಬಳೇ ಕೂತವಳು. ಆ ಮನೆಯಲ್ಲಿ ಮೊದಲ ಪಂಕ್ತಿಯೂ ಅವಳೇ, ಕೊನೆಯ ಪಂಕ್ತಿಯೂ ಅವಳೇ. ಹಸಿದಾಗ ಉಣ್ಣುತ್ತಾಳೆ, ಹಸಿವಿಲ್ಲದಿದ್ದರೆ ಒಲೆಯನ್ನೇ ಹಚ್ಚುವುದಿಲ್ಲ, ಯಾಕೆ ಹಚ್ಚಲಿಲ್ಲ ಎಂದು ಕೇಳುವವರೂ ಇಲ್ಲ.

ಬಿಸಿಯಾದ ಏನೋ ಒಂದು ಹೊಟ್ಟೆಯಲ್ಲಿ ಹೊತ್ತಿಕೊಂಡಿತು. ಹೊತ್ತಿಕೊಂಡದ್ದು ಆರಲಿಲ್ಲ.

ಅಶೋಕ ರಸ್ತೆಯ ತುದಿಯಲ್ಲಿ ಬೊಮ್ಮಣ್ಣನ ಪುಸ್ತಕದಂಗಡಿ. ನೋಟ್‌ಬುಕ್ಕು, ಪಂಚಾಂಗ, ಗೈಡುಗಳ ನಡುವೆ ಅಡುಗೆ ಪುಸ್ತಕಗಳದ್ದೂ ಒಂದು ಸಾಲಿತ್ತು. ಏನೂ ಬಾರದವರಿಗೆ ಒಂದು ಪುಸ್ತಕ ಬೇಕು ಎಂದಳು ಆಶಾರಾಣಿ. ಬೊಮ್ಮಣ್ಣ ಕನ್ನಡಕ ಏರಿಸಿ, ನಿಮಗೇನ್ರಮ್ಮ ಎಂದು ಕೇಳಿದ. ಅಷ್ಟಕ್ಕೇ ಅವಳಿಗೆ ಮೈಯುರಿದು, ತನಗೆ ಯಾಕೆ, ತಾನು ಹದಿನಾಲ್ಕು ಮಂದಿಗೆ ಬೇಯಿಸುವವಳು ಎಂದು ಬಿರುಸಾಗಿ ಹೇಳಿದಳು. ಅವನು ನಕ್ಕು ಎರಡು ಪುಸ್ತಕ ತೆಗೆದು ಗಲ್ಲಾದ ಮೇಲಿಟ್ಟ. ಒಂದು ಇಟ್ಟಿಗೆಯಷ್ಟು ದಪ್ಪ, ಮೇಲೆ ರಟ್ಟಿನ ಹೊದಿಕೆ. ಇನ್ನೊಂದು ಮಕ್ಕಳ ಕಾಪಿ ಪುಸ್ತಕದಷ್ಟು ತೆಳ್ಳಗೆ.

“ಈ ದಪ್ಪದ್ದು ಬ್ಯಾಡ್ರಿ. ಇದು ಮೈಸೂರು ಕಡೇರು ಬರೆದಿದ್ದು, ಎಲ್ಲಾ ಎಂಟು ಮಂದಿ ಲೆಕ್ಕ. ಅದೂ ಅಲ್ದೆ ಅವ್ರು ಹುಳಿ ಅಂದ್ರ ನಮ್ಮ ಬ್ಯಾಳಿ ಸಾರು, ಹುಳಿಪುಡಿ ಅಂದ್ರ ನಮ್ಮ ಸಾರಿನ ಪುಡಿ. ಒಂದ್ಕಡೆನೂ ಬಿಡಿಸಿ ಹೇಳಿಲ್ಲ. ಹೊಸದಾಗಿ ಕಲಿಯೋ ನಮ್ಮ ಹುಡುಗೀರಿಗೆ ಅದು ತಿಳಿಯಂಗಿಲ್ಲ. ಮೊನ್ನೆ ಒಬ್ಬರು ಬೈದು ವಾಪಸ್ ಕೊಟ್ಟು ಹೋದ್ರು. ಈ ತೆಳ್ಳಂದು ತಗೊಳ್ರಿ, ರೂಮ್ ಮಾಡ್ಕೊಂಡು ಒಬ್ರೇ ಇರೋರಿಗೆ ಅಂತನೇ ಬರೆದಾರೆ.”

ಆಶಾರಾಣಿ ತೆಳ್ಳಗಿನದನ್ನು ಬಿಡಿಸಿದಳು. ಮೊದಲ ಪುಟದ ಮೊದಲ ಸಾಲು ಹೀಗಿತ್ತು: ಒಂದು ಹಿಡಿ ಅಕ್ಕಿ ತೆಗೆದುಕೊಳ್ಳಿ, ಅದು ನಿಮಗೆ ಸಾಕು. ಅವಳು ಆ ಸಾಲನ್ನು ಎರಡು ಸಲ ಓದಿದಳು. ಒಂಬತ್ತು ವರ್ಷದಲ್ಲಿ ಅಕ್ಕಿಯ ಡಬ್ಬಿಯೆದುರು ನಿಂತಾಗ ಯಾರೂ ಅವಳಿಗೆ ಸಾಕು ಎಂದಿರಲಿಲ್ಲ. ಸಾಲುತ್ತದೆಯೇ ಎಂದು ಕೇಳಿದ್ದರು, ಸಾಲಲಿಲ್ಲ ಎಂದಿದ್ದರು.

ಎರಡನ್ನೂ ಕಟ್ಟಿಕೊಡಿ ಎಂದಳು. ಎರಡೂ ನಯನಾಳಿಗೇ ಎಂದುಕೊಂಡೇ ಅಂಗಡಿಯ ಮೆಟ್ಟಿಲಿಳಿದಳು. ಮಂಡಿಪೇಟೆಯ ಮೂಲೆ ತಿರುಗುವಷ್ಟರಲ್ಲಿ ಲೆಕ್ಕ ಬದಲಾಗಿತ್ತು. ನಯನಾಳಿಗೆ ಕೆಲಸವೂ ಸಿಕ್ಕಿತು, ಹೊಳೆಯ ಗಾಳಿಯೂ ಸಿಕ್ಕಿತು, ಬಿಸಿ ಅನ್ನವೂ ಸಿಕ್ಕಿತು. ಒಂದಿಷ್ಟು ಒದ್ದಾಡಲಿ. ಒದ್ದಾಡಿ ಓಡಿ ಬರಲಿ. ಬಂದು, ನಿಮ್ಮ ಕೈ ಅಡಿಗೆ ಯಾರಿಗೂ ಬರಂಗಿಲ್ಲ ಅತ್ತಿಗೆ ಎನ್ನಲಿ.

ದಪ್ಪ ಪುಸ್ತಕವನ್ನು ನಯನಾಳ ಕೈಗಿತ್ತಳು. ಹುಳಿಯ ಮಾತನ್ನು ಮಾತ್ರ ಹೇಳಲಿಲ್ಲ. ನಯನಾ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು. ತೆಳ್ಳಗಿನದು ಆಶಾರಾಣಿಯ ಬೀರುವಿನಲ್ಲಿ, ಮದುವೆಯ ರೇಷ್ಮೆಸೀರೆಯ ಮಡಿಕೆಯೊಳಗೆ ಹೋಯಿತು.

ನಯನಾ ಹೋದ ವಾರಕ್ಕೇ ಪಾಲಿಟೆಕ್ನಿಕ್ಕಿಗೆ ನಾಲ್ಕನೆಯ ಹುಡುಗನೊಬ್ಬ ಬಂದ, ತಟ್ಟೆಗಳ ಲೆಕ್ಕ ಮತ್ತೆ ಹದಿನಾಲ್ಕಕ್ಕೆ ಬಂದು ನಿಂತಿತು. ಮಧ್ಯಾಹ್ನ ಪಾತ್ರೆ ತಿಕ್ಕುವ ಹುಲಿಗೆಮ್ಮ ಹಿತ್ತಲಲ್ಲಿ ಬೂದಿ ಹಚ್ಚುತ್ತಿರುವಾಗ ಆಶಾರಾಣಿ ಕೋಣೆಯ ಬಾಗಿಲು ಮುಂದೆ ಮಾಡಿ ತೆಳು ಪುಸ್ತಕ ಓದುತ್ತಿದ್ದಳು. ಅದರಲ್ಲಿ ಅವಳಿಗೆ ಬಾರದ ಅಡುಗೆ ಒಂದೂ ಇರಲಿಲ್ಲ. ಅನ್ನ, ತಿಳಿಸಾರು, ಉಪ್ಪಿಟ್ಟು, ಮೊಸರನ್ನ, ಎರಡು ಬದನೆಕಾಯಿಯ ಪಲ್ಯ. ಬರುತ್ತಿದ್ದದ್ದನ್ನೇ ಅವಳು ಕತೆಯಂತೆ ಓದುತ್ತಿದ್ದಳು. ಎರಡು ಬದನೆಕಾಯಿ ಎಂದರೆ ಎರಡೇ ಎರಡು. ಬುಟ್ಟಿಯಿಂದ ಎರಡನ್ನು ಆರಿಸಿ, ಉಳಿದವುಗಳನ್ನು ಅಲ್ಲೇ ಬಿಟ್ಟು ಬರಬಹುದು. ಅಜ್ಜಿಯ ಕತೆಗಳಲ್ಲಿ ರಾಜಕುಮಾರಿ ಏಳು ಸುತ್ತಿನ ಕೋಟೆಯೊಳಗೆ ಒಬ್ಬಳೇ ಇರುತ್ತಿದ್ದಳಲ್ಲ, ಅವಳು ಏನು ಉಣ್ಣುತ್ತಿದ್ದಳೆಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ಈಗ ತಿಳಿಯಿತು. ಎರಡು ಬದನೆಕಾಯಿಯ ಪಲ್ಯ.

ಜುಲೈ ತಿಂಗಳ ಒಂದು ಭಾನುವಾರ ಬಾತಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಮನೆಗೆ ಮನೆಯೇ ಹೊರಟಿತು, ಗುಮಾಸ್ತರೂ ಹುಡುಗರೂ ಸಹಿತ. ತಲೆನೋವು ಎಂದು ಆಶಾರಾಣಿ ಉಳಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮನೆಯೊಳಗೆ ಅವಳ ಉಸಿರು ಅವಳಿಗೇ ಕೇಳಿಸಿತು. ಪುಸ್ತಕ ತಂದು ಕಟ್ಟೆಯ ಮೇಲೆ ನಿಲ್ಲಿಸಿ, ಉಪ್ಪಿಟ್ಟಿನ ಪುಟ ಬಿಡಿಸಿ, ಹೇಳಿದಂತೆಯೇ ಒಂದು ಹಿಡಿ ರವೆಯನ್ನು ಬಾಣಲೆಗೆ ಹಾಕಿದಳು.

ಮನೆಯ ಬಾಣಲೆ ದೊಡ್ಡದು. ಅದರ ತಳದಲ್ಲಿ ಒಂದು ಹಿಡಿ ರವೆ, ಗುಬ್ಬಿಗೆ ಚೆಲ್ಲಿದಂತೆ ಕಾಣಿಸಿತು. ಯಾರಾದರೂ ಬಂದರೆ ಎನಿಸಿತು. ಇನ್ನೊಂದು ಹಿಡಿ ಹಾಕಿದಳು. ಹುಲಿಗೆಮ್ಮ ಬರುತ್ತಾಳಲ್ಲ, ಅವಳಿಗೊಂದು ಹಿಡಿ. ಮಕ್ಕಳು ಅಲ್ಲಿ ಸರಿಯಾಗಿ ಉಣ್ಣುವುದಿಲ್ಲ, ಬಂದವೇ ಹಸಿವು ಎನ್ನುತ್ತವೆ, ಅವಕ್ಕೆ. ಗಂಡನಿಗೆ ಕಂಡವರ ಮನೆಯ ಊಟ ಸೇರುವುದಿಲ್ಲ. ಆಮೇಲೆ ಅವಳು ಹಿಡಿಯಲ್ಲಿ ಹಾಕುವುದನ್ನೇ ಬಿಟ್ಟು ಡಬ್ಬಿಯನ್ನೇ ಬಗ್ಗಿಸಿದಳು. ಸಂಜೆ ಎಲ್ಲರೂ ಬಂದು, ತಲೆನೋವಲ್ಲೂ ಉಪ್ಪಿಟ್ಟು ಮಾಡಿಟ್ಟಿದ್ದಾಳೆ ನೋಡು ಎಂದು ಹೊಗಳಿ ಹೊಗಳಿ ತಿಂದರು. ತಳಕ್ಕೆ ಹತ್ತಿದ್ದು ಅವಳಿಗೆ ಉಳಿಯಿತು. ಪುಸ್ತಕದ ಆ ಪುಟಕ್ಕೆ ಎಣ್ಣೆಯ ಕಲೆಯಾಗಿತ್ತು.

ಒಬ್ಬಳಿಗೆ ಬೇಯಿಸುವುದು ತನ್ನ ಕೈಗೆ ಬರುವುದಿಲ್ಲ ಎಂದು ಅವಳಿಗೆ ಅಂದು ತಿಳಿಯಿತು. ಅದನ್ನು ತಿಳಿದ ಮೇಲೆ ನಯನಾಳ ಮೇಲಿನ ಉರಿ ಇಮ್ಮಡಿಯಾಯಿತು. ಏನೂ ಬಾರದ ಹುಡುಗಿಗೆ ಅದು ಬರುತ್ತದೆ, ಎಲ್ಲ ಬಲ್ಲ ತನಗೆ ಅದೊಂದು ಬಾರದು.

ಮುಂದಿನ ಭಾನುವಾರ ನಯನಾ ಮನೆಗೆ ಬಂದಳು. ಸೋತು ಸುಣ್ಣವಾಗಿ ಬರುತ್ತಾಳೆಂದು ಆಶಾರಾಣಿ ಕಾದಿದ್ದಳು. ಅವಳು ನೋಡಿದರೆ ನಗುತ್ತಲೇ ಬಂದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ನಡೆದದ್ದೆಲ್ಲ ಹೇಳಿದಳು.

ಪುಸ್ತಕದಲ್ಲಿ ಹುಳಿ ಮಾಡುವ ವಿಧಾನ ಎಂದಿತ್ತು. ಹುಳಿಪುಡಿ ನಾಲ್ಕು ಚಮಚ ಎಂದಿತ್ತು. ಮುನಾಫನ ಕಿರಾಣಿ ಅಂಗಡಿಗೆ ಹೋಗಿ ಹುಳಿಪುಡಿ ಕೊಡಿ ಎಂದು ಕೇಳಿದರೆ, ಅವನು ತುಂಬ ಯೋಚನೆ ಮಾಡಿ ಒಣಮಾವಿನಕಾಯಿಯ ಪುಡಿ ಕಟ್ಟಿಕೊಟ್ಟ. ದುನಿಯಾದಾಗ ಇದಕ್ಕಿಂತ ಹುಳಿ ಪುಡಿ ಇಲ್ಲ ಟೀಚರ್ ಎಂದನಂತೆ. ಬೇಳೆಯನ್ನು ಪುಟ್ಟ ಕುಕ್ಕರಿಗೆ ಹಿಡಿಸಿದಷ್ಟು ಹಾಕಿ, ಪುಡಿಯ ಅಳತೆ ಕಡಿಮೆ ಮಾಡಿದರೆ ಕೆಟ್ಟುಹೋದೀತೆಂದು ಹೆದರಿ ಅದನ್ನು ಎಂಟು ಮಂದಿಯ ಲೆಕ್ಕಕ್ಕೇ ಹಾಕಿದಳು. ಅದರ ಮೇಲೆ ನಿಂಬೆಗಾತ್ರದ ಹುಣಸೆಹಣ್ಣು ಬೇರೆ. ಮೊದಲ ತುತ್ತಿಗೆ ಎರಡೂ ಕಣ್ಣು ತಾವಾಗೇ ಮುಚ್ಚಿಕೊಂಡವು, ಕೆಮ್ಮು ಹತ್ತಿ ನಿಲ್ಲಲಿಲ್ಲ. ಆ ಕೆಮ್ಮು ಕೇಳಿ ಪಕ್ಕದ ಮನೆಯಿಂದ ದಿಲ್ಷಾದ್ ಬೇಗಂ ಓಡಿ ಬಂದರು. ಅವರೂ ಭಾನುವಳ್ಳಿಯ ಉರ್ದು ಶಾಲೆಯಲ್ಲಿ ಟೀಚರ್, ಅದೇ ಬಸ್ಸಿಗೆ ಬರುವವರು. ರುಚಿ ನೋಡಿ, ಇದರಲ್ಲಿ ತಾಮ್ರದ ಕೊಡ ತಿಕ್ಕಬಹುದು ಎಂದರಂತೆ.

“ಅವತ್ತಿಂದ ದಿನಾ ಸಂಜಿಗೆ ಬರ್ತಾರೆ. ನಿಮ್ಮ ಮನೀಲಿ ನಡೆಯಲ್ಲ ಅಂತ ಅವ್ರೇ ತಿಳ್ಕೊಂಡು, ನಮ್ಮನಿ ಪಾತ್ರೆ ತರಲ್ಲ, ನಿನ್ನ ಪಾತ್ರ್ಯಾಗೇ ನಿನ್ನ ಕೈಲೇ ಮಾಡಿಸ್ತೀನಿ ಅಂತಾರೆ. ಬಾಗಿಲತ್ರ ಸ್ಟೂಲ್ ಹಾಕ್ಕೊಂಡು ಕೂತು, ಹ್ಞೂಂ ಈಗ ಹಾಕು, ಈಗ ಬ್ಯಾಡ ಅಂತ ಹೇಳ್ತಾ ಹೋಗ್ತಾರೆ. ದಿಲ್ಷಾದ್ ಅಕ್ಕ ಇರ್ಲಿಲ್ಲ ಅಂದ್ರೆ ನಾ ಉಪಾಸ ಬೀಳ್ತಿದ್ದೆ. ಅವ್ವಗೆ ಮಾತ್ರ ಹೇಳಬ್ಯಾಡ್ರಿ ಅತ್ತಿಗೆ.”

ಆಶಾರಾಣಿ ಕೇಳಿಸಿಕೊಂಡದ್ದು ಒಂದೇ ಮಾತು. ಅಕ್ಕ. ಒಂಬತ್ತು ವರ್ಷ ಈ ಹುಡುಗಿಯ ತಲೆ ಬಾಚಿದ್ದಳು, ಪರೀಕ್ಷೆಯ ದಿನಗಳಲ್ಲಿ ಬಾಯಿಗೆ ತುತ್ತಿಟ್ಟಿದ್ದಳು. ಅಷ್ಟಾದರೂ ಅವಳು ಅತ್ತಿಗೆ. ಒಂದೂವರೆ ತಿಂಗಳು ಸ್ಟೂಲಿನ ಮೇಲೆ ಕೂತವಳು ಅಕ್ಕ. ಹುಡುಗಿ ತನ್ನ ಹತ್ತಿರ ಓಡಿ ಬರಲೆಂದು ತೋಡಿದ ಗುಂಡಿ ಅವಳನ್ನು ಪಕ್ಕದ ಮನೆಗೆ ಹಾಯಿಸಿತ್ತು. ಪುಸ್ತಕ ಹೇಗಿದೆ ಎಂಬ ಮಾತು ಬಾಯಿಗೆ ಬಂದರೂ ಕೇಳಲಿಲ್ಲ. ಹೋಗುವಾಗ ನಯನಾಳಿಗೆ ಚಟ್ನಿಪುಡಿ ಕಟ್ಟಿಕೊಡುವುದನ್ನು ಮರೆತಂತೆ ಮಾಡಿದಳು.

ಶ್ರಾವಣದ ಮೊದಲ ಸೋಮವಾರ. ಆಶಾರಾಣಿ ರೊಟ್ಟಿ ತಟ್ಟುತ್ತಿದ್ದಳು, ಅನ್ನಪೂರ್ಣಮ್ಮ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದರು. ಎರಡು ತಿಂಗಳು ಮುಗಿಯುತ್ತ ಬಂತು, ಹುಡುಗಿಯ ಅಡುಗೆ ಎಲ್ಲಿಗೆ ಬಂತೋ ಎಂದರು. ಆಶಾರಾಣಿಯ ನಾಲಿಗೆ ಅವಳನ್ನು ಕೇಳದೆ ಆಡಿತು. ಪಕ್ಕದ ಮನೆಯ ಟೀಚರೊಬ್ಬರು ಬಂದು ಹೇಳಿಕೊಡುತ್ತಾರಂತೆ ಎಂದಳು.

“ಯಾವ ಟೀಚರು? ಯಾರ ಪೈಕಿ?”

ಕೈಯಲ್ಲಿ ರೊಟ್ಟಿ ತಿರುಗುತ್ತಿತ್ತು. ಒಂದು ಹೆಸರು ಹೇಳಿದರೆ ಸಾಕಿತ್ತು. ನಾಳೆಯೇ ಟ್ರಂಕು ಬರುತ್ತಿತ್ತು, ಪುಟ್ಟ ಕುಕ್ಕರೂ ಬರುತ್ತಿತ್ತು, ಅದು ಅಟ್ಟ ಸೇರುತ್ತಿತ್ತು. ನಯನಾ ಹದಿನೈದನೇ ತಟ್ಟೆಯಾಗಿ ಮನೆ ಸೇರುತ್ತಿದ್ದಳು, ಈ ಸಲ ತನ್ನ ಪಕ್ಕದಲ್ಲಿ, ರೊಟ್ಟಿಯ ಹಲಗೆಯ ಮುಂದೆ. ಹೆಸರು ತುಟಿಯವರೆಗೂ ಬಂದು ಸಿಹಿಯಾಗಿ ಕೂತಿತು.

ಕೇಳಿಲ್ಲ ಅತ್ತೆ ಎಂದಳು. ಯಾಕೆ ಹಾಗೆಂದಳೋ ಅವಳಿಗೂ ಗೊತ್ತಾಗಲಿಲ್ಲ. ಹೇಳಿಬಿಡಲು ಇನ್ನೂ ಹೊತ್ತಿದೆ ಎಂದು ಸಮಾಧಾನ ಮಾಡಿಕೊಂಡಳು.

ಅನ್ನಪೂರ್ಣಮ್ಮ ಸೊಪ್ಪಿನ ದಂಟನ್ನು ಬದಿಗೆಸೆದರು. “ನಾಳೆ ಹರಿಹರಕ್ಕ ಹೋಗಿ ಬಾ. ಅವ್ಳು ಮಾಡಿದ್ದು ನೀ ಉಣ್ಣು. ನಿನ್ನ ಬಾಯಿಗೆ ಸರಿ ಬಂದ್ರ ಇರ್ಲಿ, ಇಲ್ಲಾಂದ್ರ ನಿನ್ನ ಹಿಂದೇ ಕರ್ಕೊಂಡು ಬಂದ್ಬಿಡು. ನೀ ಹೆಂಗೆ ಹೇಳ್ತಿ ಹಂಗೆ.”

ಮರುದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಾತಿ ಗುಡ್ಡ ಹಿಂದಕ್ಕೆ ಸರಿಯಿತು. ತೊಡೆಯ ಮೇಲಿನ ಚೀಲದಲ್ಲಿ ಹೋಳಿಗೆಯ ಡಬ್ಬಿ, ಡಬ್ಬಿಯ ಕೆಳಗೆ ತೆಳು ಪುಸ್ತಕ. ಬೆಳಿಗ್ಗೆ ಬೀರು ತೆಗೆದವಳು ಅದನ್ನು ಯಾಕೆ ಹಾಕಿಕೊಂಡಳೋ. ಕೊಡಬೇಕೆಂದೇನೂ ಇರಲಿಲ್ಲ. ಒಬ್ಬಳೇ ಊರಿಂದೂರಿಗೆ ಹೋಗುವಾಗ ಜೊತೆಗಿರಲಿ ಎನಿಸಿತ್ತು, ಅಷ್ಟೆ. ಅತ್ತೆಗೆ ಏನು ಹೇಳಬೇಕೆಂಬುದನ್ನು ನಯನಾಳ ಊಟ ಉಂಡ ಮೇಲೆ ಯೋಚಿಸಿದರಾಯಿತು ಎಂದುಕೊಂಡಳು.

ನಯನಾಳ ರೂಮು ಒಂದು ಹಳೆಯ ಮನೆಯ ಮಾಳಿಗೆಯ ಮೇಲಿತ್ತು. ಕಿಟಕಿಯಿತ್ತು, ಹೊಳೆ ಇರಲಿಲ್ಲ. ಕಿಟಕಿಯಾಚೆ ಎದುರುಮನೆಯ ಬರೀ ಗೋಡೆ, ಗೋಡೆಯಾಚೆ ಎಲ್ಲೋ ರೈಲಿನ ಸದ್ದು. ಆಶಾರಾಣಿ ಎರಡು ತಿಂಗಳಿಂದ ಕಟ್ಟಿದ್ದ ತುಂಗಭದ್ರೆ ಒಂದೇ ನೋಟಕ್ಕೆ ಬತ್ತಿಹೋಯಿತು. ಆದರೂ ಕಣ್ಣು ಬೇರೇನನ್ನೋ ಹುಡುಕಿಕೊಂಡಿತು. ತಂತಿಯ ಮೇಲೆ ಒಬ್ಬಳದೇ ಸೀರೆ ಒಣಗುತ್ತಿತ್ತು. ಮೊಳೆಗೆ ಒಂದೇ ಟವೆಲ್ಲು.

ಶಾಲೆಯಿಂದ ಆಗಷ್ಟೇ ಬಂದಿದ್ದ ನಯನಾ ಗಾಬರಿಯಲ್ಲಿ ಸ್ಟವ್ ಹಚ್ಚಿದಳು. ಅವ್ವ ಕಳಿಸಿದ್ದು ಎಂದ ಮೇಲೆ ಯಾಕೆ ಎಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಪಕ್ಕದ ಮನೆಯಿಂದ ಯಾರೋ ಕೂಗಿದರು, ಇವತ್ತು ಬ್ಯಾಡ ಅಕ್ಕ, ನಮ್ಮತ್ತಿಗೆ ಬಂದಾರೆ ಎಂದು ನಯನಾ ಕಿಟಕಿಯಿಂದಲೇ ಹೇಳಿದಳು. ಆಶಾರಾಣಿ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಇನ್‌ಸ್ಪೆಕ್ಟರು ಕೂತಂತೆ ಕೂತಳು. ಹುಡುಗಿ ಈರುಳ್ಳಿ ಹೆಚ್ಚುವುದನ್ನು ನೋಡಿದಳು. ತುಂಡುಗಳು ಒಂದು ದಪ್ಪ ಒಂದು ತೆಳು. ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದಳು. ಆಶಾರಾಣಿ ಒಂದೊಂದನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಅನ್ನ, ಸಾರು, ಹೀರೇಕಾಯಿ ಪಲ್ಯ. ತಟ್ಟೆ ಒಂದೇ ಇದ್ದುದರಿಂದ ನಯನಾ ಅತ್ತಿಗೆಗೆ ಬಡಿಸಿ, ಸೌಟು ಹಿಡಿದು ಪಕ್ಕಕ್ಕೆ ನಿಂತಳು. ಆಶಾರಾಣಿ ಕಲಸಿ ತುತ್ತೆತ್ತಿದಳು. ಬೆರಳು ಸುಟ್ಟಿತು. ಬಾಯಲ್ಲಿ ಆವಿ ತುಂಬಿಕೊಂಡಿತು. ಅನ್ನ ಸರಿಯಾಗಿ ಬೆಂದಿತ್ತು, ಸಾರಿಗೆ ಒಂದು ಕಲ್ಲು ಉಪ್ಪು ಕಡಿಮೆ, ಪಲ್ಯ ಮೆತ್ತಗಿತ್ತು. ಏನೋ ಒಂದು ಇಲ್ಲ ಎನಿಸಿತು.

“ಇಂಗು ಯಾಕ ಹಾಕಿಲ್ಲ?”

ಕೇಳಿದ್ದು ಬಿಗಿಯಾಗಿಯೇ. ನಯನಾಳ ಮುಖ ಇಳಿಯಿತು. ಗೂಡಿನಿಂದ ದಪ್ಪ ಪುಸ್ತಕ ತಂದು ಅತ್ತಿಗೆಯ ಮುಂದೆ ಬಿಡಿಸಿದಳು.

ಪುಟದ ಅಂಚೆಲ್ಲ ಪೆನ್ಸಿಲ್ಲಿನ ಲೆಕ್ಕ. ತೊಗರಿಬೇಳೆ ಎರಡು ಲೋಟ, ಭಾಗಿಸು ಎಂಟು, ಕಾಲು ಲೋಟ. ಒಣಮೆಣಸಿನಕಾಯಿ ಹನ್ನೆರಡು, ಭಾಗಿಸು ಎಂಟು, ಒಂದೂವರೆ. ಕಾಯಿ ಒಂದು ಹೋಳು, ಭಾಗಿಸು ಎಂಟು, ಎದುರಿಗೆ ಹೋಳಿನ ಚಿತ್ರ, ಚಿತ್ರದ ಮೇಲೆ ಗೆರೆ. ಹುಳಿಪುಡಿ ಎಂಬಲ್ಲೆಲ್ಲ ಹೊಡೆದುಹಾಕಿ ಸಾರಿನ ಪುಡಿ ಎಂದು ದುಂಡಗೆ ಬರೆದಿತ್ತು. ಪುಟ ತಿರುವಿದರೆ ಅಲ್ಲೂ ಹಾಗೇ. ಹೀರೇಕಾಯಿ ಪಲ್ಯದ ಪುಟದಲ್ಲಿ, ಇಂಗು ಒಂದು ಚಿಟಿಕೆ, ಭಾಗಿಸು ಎಂಟು, ಅದರ ಮುಂದೆ ಒಂದು ಪ್ರಶ್ನೆಚಿಹ್ನೆ. ಚಿಹ್ನೆಯನ್ನು ಅಳಿಸಿ ಅಳಿಸಿ ಮತ್ತೆ ಬರೆದ ಗುರುತಿತ್ತು.

“ಚಿಟಿಕೆನ ಎಂಟು ಪಾಲು ಹೆಂಗೆ ಮಾಡೋದು ತಿಳೀಲಿಲ್ಲ ಅತ್ತಿಗೆ, ಅದಕ್ಕೇ ಬಿಟ್ಟೆ. ಈ ಪುಸ್ತಕ ಅತ್ಲಾಗೆ ಎಸೆ, ಒಂದೊಂದಕ್ಕೂ ಲೆಕ್ಕ ಮಾಡ್ತಾ ಕೂಡ್ತಿ ಅಂತ ದಿಲ್ಷಾದ್ ಅಕ್ಕ ದಿನಾ ಬೈತಾರೆ. ನಮ್ಮತ್ತಿಗೆ ಆರಿಸಿದ್ದು, ಅವ್ರು ಸುಮ್ಸುಮ್ನೆ ಆರಿಸಿರಲ್ಲ, ನಂಗೇ ತಿಳೀತಿಲ್ಲ ಅಂತ ಹೇಳ್ದೆ.”

ಆಶಾರಾಣಿಯ ಕೈಯಲ್ಲಿ ತುತ್ತು ಹಾಗೇ ನಿಂತಿತು. ಉಣ್ಣದೆ ತಟ್ಟೆಗೆ ಬಿಟ್ಟಳು.

ಬೊಮ್ಮಣ್ಣ ಹೇಳಿದ್ದನ್ನು ಹೇಳಿದಳು. ಹುಳಿಯ ಮಾತು ತನಗೆ ಅಂದೇ ಗೊತ್ತಿತ್ತು ಎಂದಳು. ಎಂಟು ಮಂದಿಯ ಲೆಕ್ಕವೂ ಗೊತ್ತಿತ್ತು, ಇನ್ನೊಂದು ಪುಸ್ತಕವೂ ಇತ್ತು, ಅದನ್ನು ಕೊಂಡೂ ಕೊಡಲಿಲ್ಲ ಎಂದಳು. ಹೇಳುವಾಗ ತಟ್ಟೆಯನ್ನೇ ನೋಡುತ್ತಿದ್ದಳು.

ನಯನಾ ಸೌಟನ್ನು ಪಾತ್ರೆಗೆ ಇಟ್ಟಳು. ಮೂಲೆಯ ಬಚ್ಚಲಿಗೆ ಹೋಗಿ ಈರುಳ್ಳಿ ಹೆಚ್ಚಿದ ಚಾಕುವನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಬೆನ್ನು ಇತ್ತಲೇ ಇತ್ತು.

“ಎರಡು ತಿಂಗ್ಳು ಅತ್ತಿಗೆ. ಎರಡು ತಿಂಗ್ಳು ನಾನು ದಡ್ಡಿ ಅಂತ ತಿಳ್ಕೊಂಡಿದ್ದೆ.”

“ದಡ್ಡಿ ನೀನಲ್ಲ. ನಂಗೆ ನಿನ್ ಮ್ಯಾಲೆ ಹೊಟ್ಟೆಕಿಚ್ಚು ಆಗಿತ್ತು. ಈಗ್ಲೂ ಐತೆ.”

ನಯನಾ ತಿರುಗಿದಳು. ಕೋಣೆಯನ್ನು ಒಂದು ಸುತ್ತು ನೋಡಿದಳು, ಮೊದಲ ಸಲ ನೋಡುವವಳಂತೆ. ಬತ್ತಿ ಸ್ಟವ್ವಿನ ಮಸಿ, ಮೊಳೆಯ ಟವೆಲ್ಲು, ಕಿಟಕಿಯಾಚೆಯ ಗೋಡೆ.

“ಇದಕ್ಕಾ?” ಎಂದಳು.

“ಇದಕ್ಕೇ.”

ನಯನಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಒಬ್ಬಳೇ ಕೂತು ಉಣ್ಣಲಾರದೆ ಎಷ್ಟೋ ದಿನ ನಿಂತೇ ಉಂಡಿದ್ದೇನೆ, ಸುಮ್ಮನೆ ಮಾತಿಗೆಂದು ದಿಲ್ಷಾದ್ ಅಕ್ಕನನ್ನು ಕರೆಯುತ್ತೇನೆ ಎಂದಳು. ಆಶಾರಾಣಿ ಕೇಳಿಸಿಕೊಂಡಳು, ನಂಬಿದಳು. ನಂಬಿದರೂ ಉರಿ ಪೂರ್ತಿ ಇಳಿಯಲಿಲ್ಲ. ನಿಂತು ಉಣ್ಣಬೇಕೋ ಕೂತು ಉಣ್ಣಬೇಕೋ ಎಂದು ಆರಿಸಿಕೊಳ್ಳುವುದು ಕೂಡ ಅವಳಿಗೆ ದೊಡ್ಡ ಐಶ್ವರ್ಯದಂತೆ ಕಂಡಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಉಂಡಳು, ಒಂದು ಅಗುಳೂ ಬಿಡದೆ ಉಂಡಳು.

ಕೈ ತೊಳೆದು ಬಂದ ಮೇಲೆ, ಅವ್ವಗೆ ಏನಂತ ಹೇಳ್ತೀರಿ ಎಂದು ನಯನಾ ಕೇಳಿದಳು. ದನಿಯಲ್ಲಿ ಬೇಡುವುದೇನೂ ಇರಲಿಲ್ಲ, ಸ್ವಲ್ಪ ಸಿಟ್ಟೇ ಇತ್ತು.

“ಉಪ್ಪು ಒಂದು ಕಲ್ಲು ಕಮ್ಮಿ, ಬಾಕಿ ಎಲ್ಲಾ ಸರಿ ಐತೆ ಅಂತೀನಿ. ಆ ಟೀಚರ್ ಯಾರ ಪೈಕಿ ಅಂತ ಕೇಳಿದ್ರೆ ನಮ್ಮ ಪೈಕಿ ಅಂತೀನಿ.”

ಈಗ ನಯನಾಳ ತುಟಿಯಂಚು ಸ್ವಲ್ಪ ಸಡಿಲವಾಯಿತು. ಬೇಡಬೇಡವೆಂದರೂ ಸಡಿಲವಾಯಿತು.

ಆಶಾರಾಣಿ ಚೀಲವನ್ನು ಹತ್ತಿರಕ್ಕೆಳೆದು, ಹೋಳಿಗೆಯ ಡಬ್ಬಿಯನ್ನು ಹೊರಗಿಟ್ಟು, ಅದರ ಕೆಳಗಿಂದ ತೆಳು ಪುಸ್ತಕ ತೆಗೆದಳು. ಸೀರೆಯ ಮಡಿಕೆಯಲ್ಲಿದ್ದು ಇದ್ದು ಅದಕ್ಕೆ ನುಸಿಗುಳಿಗೆಯ ವಾಸನೆ ಹಿಡಿದಿತ್ತು. ಸೆರಗಿನಿಂದ ಒಮ್ಮೆ ಒರೆಸಿದಳು. ಕೊಡಲು ಕೈ ಚಾಚಿದವಳು ಬೆರಳು ಬಿಡಲಿಲ್ಲ. ನಯನಾ ಹಿಡಿದು ಮೆಲ್ಲಗೆ ಎಳೆದಳು, ಇನ್ನೊಮ್ಮೆ ಎಳೆದಳು. ಆಗ ಬಿಟ್ಟಳು.

“ನಾ ಆರಿಸಿದ್ದು ಇದು,” ಎಂದಳು ಆಶಾರಾಣಿ. “ಅದಲ್ಲ.”